ಗಡ್ಡೆ ಬಿಗೋನಿಯದ ಚಳಿಗಾಲದ ನಿದ್ರೆ

ಬಿಗೋನಿಯ ಎಂಬ ಹೆಸರು ಒಬ್ಬ ಅಧಿಕಾರಿಯದು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಫ್ರೆಂಚ್ ಸಸ್ಯವಿಜ್ಞಾನಿ ಶಾರ್ಲ್ ಪ್ಲೂಮಿಯೆ ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ಕಂಡ ಗಿಡಕ್ಕೆ ಮಿಶೆಲ್ ಬೆಗಾನ್ ಎಂಬ ಆಡಳಿತಗಾರನ ಹೆಸರನ್ನಿಟ್ಟನು. 1753ರಲ್ಲಿ ಲಿನೇಯಸ್ ಅದನ್ನೇ ಉಳಿಸಿಕೊಂಡನು.

ಆದರೆ ಕುಂಡಗಳಲ್ಲಿ ದೊಡ್ಡ ಹೂ ಬಿಡುವ ಗಡ್ಡೆ ಬಿಗೋನಿಯದ ತವರು ಆ ದ್ವೀಪಗಳಲ್ಲ, ದಕ್ಷಿಣ ಅಮೆರಿಕದ ಆಂಡೀಸ್ ಪರ್ವತ. 1860ರ ದಶಕದಲ್ಲಿ ಇಂಗ್ಲೆಂಡಿನ ವೀಚ್ ನರ್ಸರಿಯ ಪರವಾಗಿ ರಿಚರ್ಡ್ ಪಿಯರ್ಸ್ ಅಲ್ಲಿ ಅಲೆದು, ಬೊಲಿವಿಯದ ಕೆಂಪು ಹೂವಿನ ಬಗೆಯನ್ನೂ ತನ್ನದೇ ಹೆಸರು ಪಡೆದ ಹಳದಿ ಹೂವಿನ ಬಗೆಯನ್ನೂ ಕಳುಹಿಸಿದನು. 1868ರಲ್ಲಿ ಪನಾಮದಲ್ಲಿ ತೀರಿಕೊಂಡನು. ಅವನು ತಂದ ಗಿಡಗಳಿಂದ ಜಾನ್ ಸೆಡೆನ್ ಬೆಳೆಸಿದ ಮೊದಲ ಮಿಶ್ರತಳಿ ಹೊರಬಂದುದು 1870ರಲ್ಲಿ. ಅದನ್ನು ನೋಡುವ ಭಾಗ್ಯ ಪಿಯರ್ಸನಿಗಿರಲಿಲ್ಲ.

ಈ ಗಿಡದ ಸ್ವಭಾವವನ್ನು ಅದರ ತವರೇ ರೂಪಿಸಿದೆ. ಮಳೆಗಾಲದಲ್ಲಿ ಚಿಗುರಿ ಹೂ ಬಿಟ್ಟು, ಒಣಗಾಲದಲ್ಲಿ ಎಲೆ ಕಾಂಡಗಳನ್ನು ತೊರೆದು ಗಡ್ಡೆಯಾಗಿ ಮಲಗುತ್ತದೆ. ಹಗಲು ಕಿರಿದಾದಂತೆ ಗಡ್ಡೆ ಬಲಿಯುತ್ತದೆ. ನಮ್ಮ ಸುವರ್ಣಗಡ್ಡೆಯೂ ಹೀಗೆಯೇ ಅಲ್ಲವೇ? ಪಶ್ಚಿಮ ಘಟ್ಟದ ಒದ್ದೆ ಬಂಡೆಗಳ ಮೇಲೆ ಮಳೆಗಾಲದಲ್ಲಿ ಅರಳಿ ಆಮೇಲೆ ಕಣ್ಮರೆಯಾಗುವ ಬಿಗೋನಿಯಗಳೂ ಇವೆ. ಯುರೋಪಿನ ತೋಟಗಾರರು ಆಂಡೀಸಿನ ಒಣಗಾಲದ ಸ್ಥಾನದಲ್ಲಿ ತಮ್ಮ ಚಳಿಗಾಲವನ್ನು ಇರಿಸಿದರು. ಹಿಮ ತಾಗಿದರೆ ಗಡ್ಡೆ ಕೊಳೆಯುವುದರಿಂದ, ಎತ್ತಿ ಒಳಗಿಡಬಹುದಾದ ಕುಂಡವೇ ಅನುಕೂಲವಾಯಿತು.

ಶೀತದೇಶಗಳಲ್ಲಿ ನೆಲೆಸಿರುವ ನನ್ನ ವಿದ್ಯಾರ್ಥಿಗಳಿಗೂ ಬಂಧುಗಳಿಗೂ ಕ್ರಮವನ್ನು ತಿಳಿಸುತ್ತೇನೆ. ಶರತ್ಕಾಲದಲ್ಲಿ ಎಲೆ ಹಳದಿಯಾಗುತ್ತಲೇ ನೀರನ್ನು ಕಡಿಮೆ ಮಾಡಿ ಕ್ರಮೇಣ ನಿಲ್ಲಿಸಿರಿ. ಕಾಂಡವನ್ನು ಎಳೆದು ಕೀಳಬೇಡಿರಿ, ತಾನಾಗಿ ಕಳಚಲಿ. ಗಡ್ಡೆಯ ಮಣ್ಣು ಕೊಡವಿ, ಕೆಲವು ದಿನ ಗಾಳಿಗೆ ಒಣಗಿಸಿ, ಒಣ ಮರಳಿನಲ್ಲಿ ಹೂತು, 5ರಿಂದ 10 ಡಿಗ್ರಿ ಸೆಲ್ಸಿಯಸ್ ಇರುವ ಕತ್ತಲೆಯ ಕೋಣೆಯಲ್ಲಿಡಿರಿ. ಆಗಾಗ ಮುಟ್ಟಿ ನೋಡಿ, ಮೆತ್ತಗಾದುದನ್ನು ತೆಗೆದುಹಾಕಿರಿ. ಫೆಬ್ರವರಿ ಇಲ್ಲವೆ ಮಾರ್ಚಿಯಲ್ಲಿ ಗುಳಿಯಿರುವ ಬದಿಯನ್ನು ಮೇಲೆ ಮಾಡಿ ಬೆಚ್ಚಗಿನ ಸ್ಥಳದಲ್ಲಿ ನೆಟ್ಟು, ಗುಳಿಯಲ್ಲಿ ನೀರು ನಿಲ್ಲದಂತೆ ಅಂಚಿನಲ್ಲಿ ಮಾತ್ರ ಹನಿಸಿರಿ. ಹಿಮದ ಭಯ ತೀರಿದ ಮೇಲೆ ಕುಂಡ ಹೊರಗೆ ಬರಲಿ.

ಎಷ್ಟೋ ಮನೆಗಳಲ್ಲಿ ಬರಿದಾದ ಕುಂಡವನ್ನು ಕಂಡು, ಗಿಡ ಸತ್ತಿತೆಂದು ಕಸಕ್ಕೆ ಸುರಿಯುತ್ತಾರೆ. ಸುರಿಯುವ ಮೊದಲು ಮಣ್ಣನ್ನೊಮ್ಮೆ ಬೆರಳಿನಿಂದ ಕೆದಕಿ ನೋಡಿರಿ. ಗಡ್ಡೆ ಗಟ್ಟಿಯಾಗಿದ್ದರೆ ಪಿಯರ್ಸ್ ತಂದ ಕುಲವು ನಿಮ್ಮ ಮನೆಯಲ್ಲಿ ಇನ್ನೂ ಜೀವಂತವಾಗಿದೆ.