ಹೆಸರಿಗೆ ತಕ್ಕ ಕೆಲಸ ಸಿಗೋಕೆ 76 ವರ್ಷ: ಬಕ್ಸ್‌ಟನ್ ಆಪೆರಾ ಹೌಸ್

ಮೊದಲ ಫೋಟೋ ನೋಡಿ. ಎರಡು ಪುಟ್ಟ ಗುಮ್ಮಟ, ನಡುವೆ ಬಾಗಿಲು. ಇದು ಇಂಗ್ಲೆಂಡಿನ ಬಕ್ಸ್‌ಟನ್ ಊರಿನ ಆಪೆರಾ ಹೌಸ್. ಶುರುವಾಗಿದ್ದು 1903ರಲ್ಲಿ. ಹೆಸರಿಗೆ ತಕ್ಕ ಕೆಲಸ ಸಿಕ್ಕಿದ್ದು ಮಾತ್ರ 1979ರಲ್ಲಿ! ಆ ನಡುವಿನ ಕಥೆ ಇವತ್ತು.

📍 ಮೊದಲು ಊರಿನ ವಿಷಯ

ಡರ್ಬಿಶೈರ್ ಬೆಟ್ಟಗಳ ನಡುವಿನ ಈ ಊರಲ್ಲಿ ನೆಲದಿಂದ ಸುಮಾರು 27 ಡಿಗ್ರಿಯ ಬೆಚ್ಚಗಿನ ನೀರು ಉಕ್ಕುತ್ತದೆ. ರೋಮನ್ನರ ಕಾಲದಿಂದಲೂ ಜನ ಇಲ್ಲಿ ಮೀಯುತ್ತಿದ್ದರು. 1780ರ ದಶಕದಲ್ಲಿ ಡೆವನ್‌ಶೈರಿನ 5ನೇ ಡ್ಯೂಕ್ ಇಲ್ಲಿ ಅರ್ಧಚಂದ್ರಾಕಾರದ 'ಕ್ರೆಸೆಂಟ್' ಕಟ್ಟಿಸಿದರು. ದುಡ್ಡಿದ್ದವರು ಬಂದು ಉಳಿದು, ಮಿಂದು, ನೀರು ಕುಡಿದು ಹೋಗೋ ಊರಾಯಿತು. 1863ರಲ್ಲಿ ರೈಲು ಬಂತು. ಜನ ಇನ್ನೂ ಹೆಚ್ಚಾದರು.

ಯೋಚನೆ ಮಾಡಿ: ವಾರಗಟ್ಟಲೆ ಚಿಕಿತ್ಸೆಗೆ ಅಂತ ಬಂದವರು. ಬೆಳಗ್ಗೆ ಸ್ನಾನ, ಮಧ್ಯಾಹ್ನ ಪಾರ್ಕಿನಲ್ಲಿ ಅಡ್ಡಾಟ. ಸಂಜೆ ಏನು ಮಾಡಬೇಕು? ಈ ಪ್ರಶ್ನೆಗೆ ಉತ್ತರವೇ ಈ ರಂಗಮಂದಿರ.

🎭 ಕಟ್ಟಿದವರು

ವಿನ್ಯಾಸ ಫ್ರಾಂಕ್ ಮ್ಯಾಚಮ್ ಅವರದು. ಲಂಡನ್ನಿನ ಕೊಲಿಸಿಯಂ, ಪಲೇಡಿಯಂ ಕೂಡ ಅವರದೇ. ಉಕ್ಕಿನ ತೊಲೆಗಳ ಬಲದಿಂದ ಬಾಲ್ಕನಿಗಳನ್ನು ಮುಂದಕ್ಕೆ ಚಾಚಿ, ನೋಟಕ್ಕೆ ಅಡ್ಡ ಬರೋ ಕಂಬಗಳನ್ನು ಕಡಿಮೆ ಮಾಡೋದರಲ್ಲಿ ಅವರದು ಎತ್ತಿದ ಕೈ.

ಇಲ್ಲಿ ಸುಮಾರು 900 ಸೀಟು. ಒಳಗೆ ಚಿನ್ನದ ಬಣ್ಣದ ಅಲಂಕಾರ, ಬಣ್ಣ ಬಳಿದ ಮೇಲ್ಛಾವಣಿ. ಛಾವಣಿ ಮಧ್ಯದಲ್ಲಿ ಒಂದು 'ಸನ್‌ಬರ್ನರ್', ಅಂದ್ರೆ ಗ್ಯಾಸ್ ದೀಪಗಳ ಗೊಂಚಲು. ಬರೀ ಬೆಳಕಿಗಲ್ಲ ಅದು. ಉರಿಯ ಶಾಖಕ್ಕೆ ಬಿಸಿಗಾಳಿ ಮೇಲಿನ ಕೊಳವೆಯಲ್ಲಿ ಏರುತ್ತಿತ್ತು, ಜೊತೆಗೆ ಜನ ತುಂಬಿದ ಸಭಾಂಗಣದ ಕೆಟ್ಟ ಗಾಳಿಯನ್ನೂ ಹೊರಗೆ ಸೆಳೆಯುತ್ತಿತ್ತು. ಫ್ಯಾನ್ ಇಲ್ಲದ ಎಕ್ಸಾಸ್ಟ್ ಫ್ಯಾನ್!

1903ರ ಜೂನ್ 1ರಂದು ಬಾಗಿಲು ತೆರೆಯಿತು. ಆದರೆ 'ಆಪೆರಾ ಹೌಸ್' ಅನ್ನೋದು ಆ ಕಾಲದಲ್ಲಿ ಘನತೆಗೆ ಇಟ್ಟುಕೊಳ್ಳುತ್ತಿದ್ದ ಹೆಸರು. ಹೆಚ್ಚಾಗಿ ನಡೆಯುತ್ತಿದ್ದುದು ಊರೂರು ಸುತ್ತೋ ಕಂಪನಿಗಳ ಪ್ರದರ್ಶನ. 1925ರಲ್ಲಿ ಅನ್ನಾ ಪಾವ್ಲೋವಾ ಇಲ್ಲಿ ಬ್ಯಾಲೆ ಮಾಡಿದ್ದರು.

🎬 ಪರದೆ ಬಂತು

1927ರಲ್ಲಿ ಮೂಕಿ ಸಿನಿಮಾ. 1932ರಲ್ಲಿ ಟಾಕಿ. ಅಲ್ಲಿಂದ ಮುಂದೆ ಇದು ಮುಖ್ಯವಾಗಿ ಸಿನಿಮಾ ಟಾಕೀಸ್. 1936ರಿಂದ 1942ರವರೆಗೆ ಬೇಸಿಗೆ ನಾಟಕೋತ್ಸವಗಳು ನಡೆದವು, ಲಂಡನ್ನಿನ ಓಲ್ಡ್ ವಿಕ್ ತಂಡವೂ ಬಂದಿತ್ತು. ಯುದ್ಧದ ನಂತರ ಮತ್ತೆ ಸಿನಿಮಾನೇ.

ಇಲ್ಲಿ ಸಿನಿಮಾನ ಬೈಯೋದು ಸುಲಭ. ಆದ್ರೆ ನನಗನಿಸೋದು ಬೇರೆ. ನಾಟಕದ ಆದಾಯ ಬತ್ತಿದ ಕಾಲದಲ್ಲಿ ಈ ಬಾಗಿಲು ತೆರೆದಿಟ್ಟಿದ್ದು ಸಿನಿಮಾ ಟಿಕೆಟ್ಟೇ. ಅದೂ ಇಲ್ಲದೆ ಹೋಗಿದ್ರೆ ಬೀಗ ಎಷ್ಟೋ ಮೊದಲೇ ಬೀಳುತ್ತಿತ್ತು. ಕೊನೆಗೆ ಕಟ್ಟಡ ಹದಗೆಟ್ಟು, 1976ರಲ್ಲಿ ಮುಚ್ಚಿತು.

🔧 ಮತ್ತೆ ತೆರೆದಿದ್ದು

ಮೂರೇ ವರ್ಷ. 1979ರಲ್ಲಿ ದುರಸ್ತಿಯಾಗಿ ತೆರೆಯಿತು. ಇಲ್ಲೊಂದು ವಿಷಯ ಗಮನಿಸಿ: ದುರಸ್ತಿ ಮಾಡಿದವರು 1903ರ ಅಚ್ಚಿಗೇ ಅಂಟಿಕೊಳ್ಳಲಿಲ್ಲ. ಮ್ಯಾಚಮ್ ವಿನ್ಯಾಸದಲ್ಲಿ ಇಲ್ಲದ ಒಂದು ಆರ್ಕೆಸ್ಟ್ರಾ ಗುಂಡಿಯನ್ನು ಹೊಸದಾಗಿ ಸೇರಿಸಿದರು.

ಯಾಕೆ? ಆಪೆರಾದಲ್ಲಿ ಗಾಯಕರು ಮೈಕ್ ಇಲ್ಲದೆ ಹಾಡ್ತಾರೆ. ವಾದ್ಯದವರು ರಂಗದ ಮುಂದೆ ಅದೇ ಮಟ್ಟದಲ್ಲಿ ಕೂತರೆ ಹಾಡು ಮುಳುಗಿ ಹೋಗುತ್ತೆ, ನೋಟಕ್ಕೂ ಅಡ್ಡ. ತಗ್ಗಿನಲ್ಲಿ ಕೂರಿಸಿದರೆ ಎರಡೂ ಸರಿಹೋಗುತ್ತೆ. ಅಂದ್ರೆ ಇವರು ಕಟ್ಟಡವನ್ನು ಹಳೆಯ ರೂಪಕ್ಕೆ ತಂದಿದ್ದಷ್ಟೇ ಅಲ್ಲ, ಮುಂದೆ ಮಾಡಬೇಕಾದ ಕೆಲಸಕ್ಕೂ ಸಜ್ಜು ಮಾಡಿದರು.

ಆ ವರ್ಷದ ಬೇಸಿಗೆಯಲ್ಲೇ ಮೊದಲ ಬಕ್ಸ್‌ಟನ್ ಉತ್ಸವ. ಆಡಿದ್ದು ಡೋನಿಜೆಟ್ಟಿಯ 'ಲೂಚಿಯಾ ದಿ ಲಾಮರ್‌ಮೂರ್'. ಅಪ್ಪಟ ಆಪೆರಾ. ಹೆಸರು ಇಟ್ಟು 76 ವರ್ಷ ಆದಮೇಲೆ, ಹೆಸರಿಗೆ ಅರ್ಥ ಬಂತು. 2001ರ ಹೊತ್ತಿಗೆ ಇನ್ನೊಂದು ಸುತ್ತಿನ ದುರಸ್ತಿಯೂ ಆಯಿತು. ಉತ್ಸವ ಇವತ್ತಿಗೂ ಬೇಸಿಗೆಯಲ್ಲಿ ನಡೆಯುತ್ತೆ.

ಬಣ್ಣ ಬಳಿದು, ಗಿಲೀಟು ಹಾಕಿ, ರಿಬ್ಬನ್ ಕತ್ತರಿಸಿ, ಆಮೇಲೆ ಬೀಗ ಹಾಕಿಟ್ಟ ಕಟ್ಟಡ ಹತ್ತೇ ವರ್ಷಕ್ಕೆ ಮತ್ತೆ ಸೋರೋಕೆ ಶುರು ಮಾಡುತ್ತೆ. ಇದು ಉಳಿದಿದ್ದು ಯಾಕಂದ್ರೆ, ದುರಸ್ತಿಯ ಜೊತೆಗೇ ವರ್ಷ ವರ್ಷ ಮಾಡೋ ಕೆಲಸವೂ ಅದಕ್ಕೆ ಸಿಕ್ಕಿತು.

ನಿಮ್ಮೂರಲ್ಲಿ ಬೀಗ ಬಿದ್ದಿರೋ ನಾಟಕ ಮಂದಿರವೋ, ಟಾಕೀಸೋ ಇದ್ಯಾ? ನೆನಪುಗಳು ಬೇಕು, ಖಂಡಿತ. ಅದರ ಜೊತೆಗೆ ಇದನ್ನೂ ಬರೀರಿ: ನಾಳೆ ಅದು ತೆರೆದ್ರೆ ಒಳಗೆ ಏನು ನಡೀಬೇಕು? ಕಾಮೆಂಟಲ್ಲಿ ಕಾಯ್ತಿರ್ತೀನಿ. 👇

#ಕಟ್ಟಡದಕಥೆ #ರಂಗಮಂದಿರ #ಇತಿಹಾಸ #ಬಕ್ಸ್‌ಟನ್