ಬರಗಾಲದ ಕೂಲಿ, ಜೀವಸತ್ವ ಮತ್ತು ವಂಶವಾಹಿ: ಧಾರವಾಡದ ಎರೆಭೂಮಿಯನ್ನು ಕುರಿತು ಒಂದು ವಿಚಾರ

ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ರಕ್ತದೊತ್ತಡದ ಪ್ರಸ್ತಾಪ ಬಂದಾಗ ಎರಡು ಮಾತುಗಳು ಕೇಳಬರುತ್ತವೆ. ಜೋಳದ ರೊಟ್ಟಿ ಉಂಡವರಿಗೆ ಈ ರೋಗ ತಟ್ಟುವುದಿಲ್ಲವೆಂಬುದು ಒಂದು. ಅದು ಮನೆತನದಲ್ಲಿ ಹರಿದು ಬಂದದ್ದು, ಅದಕ್ಕೆ ಉಪಾಯವಿಲ್ಲವೆಂಬುದು ಇನ್ನೊಂದು. ಮೊದಲನೆಯದು ಎಲ್ಲವನ್ನೂ ಅನ್ನದ ಮೇಲೆ ಹೊರಿಸುತ್ತದೆ. ಎರಡನೆಯದು ಎಲ್ಲವನ್ನೂ ರಕ್ತಸಂಬಂಧದ ಮೇಲೆ ಹೊರಿಸುತ್ತದೆ. ಎರಡೂ ಗತಕಾಲವನ್ನು ಕುರಿತ ಹೇಳಿಕೆಗಳೇ ಆದುದರಿಂದ ಇತಿಹಾಸಕಾರನು ಅವನ್ನು ಪರಿಶೀಲಿಸುವುದು ಅಪ್ರಸ್ತುತವಾಗಲಾರದು. ಜೀವಸತ್ವಗಳಿಗೂ ವಂಶವಾಹಿಗಳಿಗೂ ಇರುವ ಸಂಬಂಧವನ್ನು ಕುರಿತು ಇತ್ತೀಚಿನ ವಿಜ್ಞಾನವು ಹೇಳುವುದನ್ನು ನಮ್ಮ ಬರಗಾಲದ ದಾಖಲೆಗಳ ಪಕ್ಕದಲ್ಲಿರಿಸಿ ನೋಡುವುದೇ ಪ್ರಸ್ತುತ ಲೇಖನದ ಉದ್ದೇಶ.

ಜಿಲ್ಲೆಯ ನೆಲ ಒಂದೇ ತೆರನಾದುದಲ್ಲ. ಪಶ್ಚಿಮದ ಕಲಘಟಗಿ ಮಲೆನಾಡಿನ ಸೆರಗು. ಅಲ್ಲಿ ಮಳೆ ಹೆಚ್ಚು, ಬತ್ತ ಬೆಳೆಯುತ್ತದೆ. ಪೂರ್ವದ ನವಲಗುಂದ ಮತ್ತು ಅಣ್ಣಿಗೇರಿಗಳು ಬಯಲುಸೀಮೆಯ ಎರೆಭೂಮಿ. ಜೋಳ, ಹತ್ತಿ, ಕಡಲೆ, ಗೋದಿಗಳ ನಾಡು. ಬಾವಿಯ ನೀರು ಹಲವೆಡೆ ಸವುಳಾದುದರಿಂದ ಜನರು ಕುಡಿಯುವ ನೀರಿಗೆ ಕೆರೆಯನ್ನೇ ನಂಬಿದ್ದರು. ಮಳೆ ತಪ್ಪಿದರೆ ಬೆಳೆಯೂ ಹೋಗುತ್ತಿತ್ತು, ಕೆರೆಯೂ ಬತ್ತುತ್ತಿತ್ತು. ಅಮೇರಿಕೆಯ ಅಂತರ್ಯುದ್ಧದ ಕಾಲದಲ್ಲಿ (1861-65) ಹತ್ತಿಯ ಬೆಲೆ ಏರಿದಾಗ ಈ ಭಾಗದ ಒಕ್ಕಲಿಗನು ಪೇಟೆಗೆ ಮತ್ತಷ್ಟು ಹತ್ತಿರವಾದನು. ಕೈಗೆ ಹಣ ಬಂದಿತು. ಆದರೆ ಹಗೇವಿನ ಜೋಳದ ಭರವಸೆ ಹಣದಿಂದ ದೊರೆಯುವಂತಹುದಲ್ಲ.

ಈ ಸತ್ಯವು 1876-77ರ ಬರದಲ್ಲಿ ಹೊರಬಿದ್ದಿತು. ಆಗ ಧಾರವಾಡಕ್ಕೆ ರೈಲು ಬಂದಿರಲಿಲ್ಲ; ಧಾನ್ಯ ಬಂಡಿಗಳ ಮೇಲೆಯೇ ಬರಬೇಕಾಗಿತ್ತು, ಬಂಡಿ ಎಳೆಯುವ ಎತ್ತುಗಳಿಗೆ ಮೇವಿರಲಿಲ್ಲ. ಇಂದಿನ ಗದಗ ಮತ್ತು ಹಾವೇರಿಗಳ ಬಹುಭಾಗವನ್ನು ಒಳಗೊಂಡಿದ್ದ ಅಂದಿನ ಜಿಲ್ಲೆಯ ಜನಸಂಖ್ಯೆ 1881ರ ಗಣತಿಯಲ್ಲಿ ಸುಮಾರು 8,83,000; ಇದು 1872ರ ಗಣತಿಗಿಂತ ಸುಮಾರು ಒಂದು ಲಕ್ಷ ಕಡಿಮೆ. ಸತ್ತವರು, ವಲಸೆ ಹೋದವರು, ಹುಟ್ಟದೆ ಉಳಿದವರು ಎಲ್ಲರೂ ಈ ಅಂಕಿಯಲ್ಲಿ ಅಡಗಿದ್ದಾರೆ.

ನಮ್ಮ ವಿಷಯಕ್ಕೆ ಬಹು ಮುಖ್ಯವಾದುದು ಪರಿಹಾರ ಕಾಮಗಾರಿಯ ಕೂಲಿ. ಭಾರತ ಸರಕಾರವು ಕಳಿಸಿದ ಸರ್ ರಿಚರ್ಡ್ ಟೆಂಪಲ್ಲರು, ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಅದರ ಮೇಲೆ ಒಂದಿಷ್ಟು ಕಾಸು ಸಾಕೆಂದು ಅಭಿಪ್ರಾಯಪಟ್ಟರು. 1877ರ ಜನೇವರಿಯಿಂದ ಮದ್ರಾಸ ಇಲಾಖೆಯಲ್ಲಿ ಈ ಅಳತೆ ಆಚರಣೆಗೆ ಬಂದಿತು; ಮುಂಬಯಿ ಇಲಾಖೆಯಲ್ಲಿಯೂ ಕೂಲಿಯನ್ನು ಧಾನ್ಯದ ತೂಕಕ್ಕೆ ಕಟ್ಟಲಾಯಿತು. ಮದ್ರಾಸದ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಶರು ಇದನ್ನು ಬಲವಾಗಿ ವಿರೋಧಿಸಿದರು. ಧಾನ್ಯದ ಪ್ರಮಾಣ ಸಾಲದು, ಬೇಳೆ ಕಾಯಿಪಲ್ಯಗಳಿಲ್ಲದೆ ದೇಹ ನಿಲ್ಲದು ಎಂಬುದು ಅವರ ವಾದ. ಕೆಲವೇ ತಿಂಗಳುಗಳಲ್ಲಿ ಮದ್ರಾಸ ಸರಕಾರವು ಕೂಲಿಯನ್ನು ಹೆಚ್ಚಿಸಬೇಕಾಯಿತು. ಹೊಟ್ಟೆ ತುಂಬುವುದು ಬೇರೆ, ದೇಹ ಪೋಷಣೆಗೊಳ್ಳುವುದು ಬೇರೆ ಎಂಬ ವಿಚಾರವು ಜೀವಸತ್ವಗಳ ಶೋಧಕ್ಕಿಂತ ಮೊದಲೇ ನಮ್ಮ ಬರಗಾಲದ ಕಡತಗಳಲ್ಲಿ ತಲೆದೋರಿದ್ದುದು ಗಮನಾರ್ಹ.

ಜೀವಸತ್ವವೆಂಬ ಕಲ್ಪನೆಗೆ ಕಾಸಿಮಿರ್ ಫಂಕನು ಹೆಸರಿಟ್ಟುದು 1912ರಲ್ಲಿ. ‘ಬಿ-2’ ಅಥವಾ ರೈಬೊಫ್ಲೇವಿನ್ ಎಂಬ ಹಳದಿ ವಸ್ತುವನ್ನು 1933ರಲ್ಲಿ ಬೇರ್ಪಡಿಸಲಾಯಿತು. ಹಾಲು, ಮಜ್ಜಿಗೆ, ಸೊಪ್ಪುಗಳಲ್ಲಿ ಇದು ದೊರೆಯುತ್ತದೆ. ನೂರು ಗ್ರಾಂ ಜೋಳದಲ್ಲಿರುವುದು ಸುಮಾರು 0.13 ಮಿಲಿಗ್ರಾಂ ಮಾತ್ರ. ಒಂದು ಪೌಂಡೆಂದರೆ ಸುಮಾರು 450 ಗ್ರಾಂ. ಅಷ್ಟು ಜೋಳದಿಂದ ದೊರೆಯುವುದು ಸುಮಾರು 0.6 ಮಿಲಿಗ್ರಾಂ. ದುಡಿಯುವ ಮನುಷ್ಯನಿಗೆ ದಿನಕ್ಕೆ ಒಂದೂವರೆ ಮಿಲಿಗ್ರಾಂಗೂ ಹೆಚ್ಚು ಬೇಕು. ಒಳ್ಳೆಯ ವರ್ಷದಲ್ಲಿ ಈ ಕೊರತೆಯನ್ನು ಮಜ್ಜಿಗೆ, ಕಡಲೆ, ಪುಂಡಿಪಲ್ಯ, ಹೊಲದ ಹಕ್ಕರಕಿಗಳು ಬಹುಮಟ್ಟಿಗೆ ತುಂಬುತ್ತಿದ್ದವು. ಬರದಲ್ಲಿ ದನ ಸತ್ತಿತು, ಸೊಪ್ಪು ಒಣಗಿತು, ರೊಟ್ಟಿಯೊಂದೇ ಉಳಿಯಿತು. ಜೋಳವನ್ನೇ ನಂಬಿದ ದಖನ್ನಿನ ಬಡವರಲ್ಲಿ ಕಾಣುತ್ತಿದ್ದ ಪೆಲಾಗ್ರ ರೋಗವನ್ನು ಕುರಿತು ಹೈದರಾಬಾದಿನಲ್ಲಿ ಗೋಪಾಲನ್ ಮತ್ತು ಶ್ರೀಕಾಂತಿಯಾ ಅವರು 1960ರಲ್ಲಿ ಪ್ರಕಟಿಸಿದ ಸಂಶೋಧನೆಯೂ ಇದನ್ನೇ ನೆನಪಿಸುತ್ತದೆ. ಜೋಳದಲ್ಲಿ ದೋಷವಿದೆಯೆಂದಲ್ಲ, ಜೊತೆಯಿಲ್ಲದ ಜೋಳ ಸಾಲದು.

ಇನ್ನು ವಂಶವಾಹಿಯ ಮಾತು. ನಮ್ಮ ದೇಹದಲ್ಲಿ ಫೋಲೇಟ್ ಎಂಬ ಜೀವಸತ್ವವನ್ನು ಉಪಯೋಗಕ್ಕೆ ತರುವ ಕಿಣ್ವವೊಂದಿದೆ. ಅದನ್ನು ನಿರ್ದೇಶಿಸುವ ವಂಶವಾಹಿಗೆ ‘ಎಂಟಿಎಚ್ಎಫ್ಆರ್’ ಎಂದು ಹೆಸರು. ಅದರ 677ನೆಯ ಸ್ಥಾನದಲ್ಲಿ ಒಂದು ಅಕ್ಷರ ಬದಲಾಗುವುದುಂಟೆಂದು 1995ರಲ್ಲಿ ಗೊತ್ತಾಯಿತು. ತಂದೆತಾಯಿಗಳಿಬ್ಬರಿಂದಲೂ ಈ ಬದಲಾದ ರೂಪವನ್ನು ಪಡೆದವರಲ್ಲಿ ಕಿಣ್ವವು ತನ್ನ ಸಹಾಯಕವಾದ ರೈಬೊಫ್ಲೇವಿನ್ನಿನ ಅಂಶವನ್ನು ಬೇಗನೆ ಬಿಟ್ಟುಕೊಡುತ್ತದೆ, ದುರ್ಬಲವಾಗುತ್ತದೆ. ಅಂಥವರಲ್ಲಿ ರಕ್ತದೊತ್ತಡ ಏರುವ ಸಂಭವ ಹೆಚ್ಚು. ಉತ್ತರ ಐರ್ಲಂಡಿನ ಅಲ್ಸ್ಟರ್ ವಿಶ್ವವಿದ್ಯಾಲಯದ ವಿದ್ವಾಂಸರು ಇಂಥವರಿಗೆ ದಿನಕ್ಕೆ 1.6 ಮಿಲಿಗ್ರಾಂ ರೈಬೊಫ್ಲೇವಿನ್ನನ್ನು 16 ವಾರ ಕೊಟ್ಟಾಗ ಮೇಲಿನ ಒತ್ತಡವು ಬೇರೆ ಬೇರೆ ಪ್ರಯೋಗಗಳಲ್ಲಿ ಸುಮಾರು 5ರಿಂದ 13 ಅಂಶಗಳಷ್ಟು ಇಳಿಯಿತು. ಉಳಿದವರಲ್ಲಿ ಅಂಥ ಪರಿಣಾಮ ಕಾಣಲಿಲ್ಲ. ಈ ರೂಪವುಳ್ಳವರು ಯುರೋಪಿನ ಹಲವೆಡೆ ನೂರಕ್ಕೆ ಹತ್ತರಷ್ಟು. ಭಾರತದಲ್ಲಿ ಇನ್ನೂ ಕಡಿಮೆ. ಆದುದರಿಂದ ನಮ್ಮ ಜಿಲ್ಲೆಯ ರಕ್ತದೊತ್ತಡವನ್ನೆಲ್ಲ ಈ ಒಂದು ವಂಶವಾಹಿಗೆ ಕಟ್ಟಲಾಗದು; ಉಪ್ಪು, ತಂಬಾಕು, ವಯಸ್ಸು, ದೇಹದ ತೂಕಗಳ ಪಾತ್ರ ಬಹು ದೊಡ್ಡದು. ಆದರೆ ತತ್ತ್ವ ಸ್ಪಷ್ಟವಾಗಿದೆ: ವಂಶದಿಂದ ಬಂದುದು ಹಣೆಬರಹವಲ್ಲ, ಅದು ಫಲಿಸುವುದೂ ಫಲಿಸದಿರುವುದೂ ತಟ್ಟೆಯಲ್ಲಿರುವುದನ್ನು ಸಹ ಅವಲಂಬಿಸಿದೆ.

ಹಾಗಾದರೆ 1877ರ ಹಸಿವು ಮೊಮ್ಮಕ್ಕಳ ರಕ್ತದಲ್ಲಿ ಉಳಿದಿದೆಯೆ? ಈ ಪ್ರಶ್ನೆ ಆಕರ್ಷಕ. ಆದುದರಿಂದಲೇ ಎಚ್ಚರ ಅವಶ್ಯ. 1944-45ರ ಹಾಲಂಡಿನ ಬರದಲ್ಲಿ ಗರ್ಭದಲ್ಲಿದ್ದವರ ವಂಶವಾಹಿಗಳ ಮೇಲಿನ ರಾಸಾಯನಿಕ ಗುರುತುಗಳು ಅರುವತ್ತು ವರ್ಷಗಳ ತರುವಾಯವೂ ಭಿನ್ನವಾಗಿದ್ದುದು 2008ರಲ್ಲಿ ಪ್ರಕಟವಾಯಿತು. 1967-70ರ ಬಿಯಾಫ್ರಾ ಕ್ಷಾಮದಲ್ಲಿ ಗರ್ಭದಲ್ಲಿ ಅಥವಾ ಶೈಶವದಲ್ಲಿ ಹಸಿದವರಲ್ಲಿ ರಕ್ತದೊತ್ತಡ ಹೆಚ್ಚೆಂದು 2010ರ ಸಂಶೋಧನೆ ತೋರಿಸಿತು. ಆದರೆ ನಮ್ಮ ನಾಡಿನದೇ ಆದ ಸಾಕ್ಷ್ಯ ಬೇರೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕವನ್ನು ದಾಖಲಿಸಿದ ಪುಸ್ತಕಗಳು ಉಳಿದಿದ್ದವು. ಅವುಗಳ ಆಧಾರದಿಂದ ಪ್ರೌಢರನ್ನು ಹುಡುಕಿ ಪರೀಕ್ಷಿಸಿದಾಗ, ಹುಟ್ಟುವಾಗ ಚಿಕ್ಕದಾಗಿದ್ದುದಕ್ಕೂ ಮುಂದಿನ ರಕ್ತದೊತ್ತಡಕ್ಕೂ ಸಂಬಂಧ ಕಾಣಲಿಲ್ಲವೆಂದು 2000ದಲ್ಲಿ ವರದಿಯಾಯಿತು. ಹೊರನಾಡಿನ ಸಿದ್ಧಾಂತವನ್ನು ಇಲ್ಲಿಗೆ ಹಾಗೆಯೇ ತಂದು ನೆಡಲಾಗದೆಂಬುದಕ್ಕೆ ಇದೇ ನಿದರ್ಶನ. ಮೇಲಾಗಿ, ಹಾಲಂಡಿನ ಸಾಕ್ಷ್ಯ ಬರವನ್ನು ಸ್ವತಃ ಅನುಭವಿಸಿದವರದು. ಅದನ್ನು ಐದಾರು ತಲೆಮಾರುಗಳಾಚೆ ಎಳೆಯಲು ಆಧಾರವಿಲ್ಲ.

ನಮ್ಮ ಆಕರಗಳ ಮಿತಿಯೂ ಇಲ್ಲಿ ಎದುರಾಗುತ್ತದೆ. ತೋಳಿಗೆ ಪಟ್ಟಿ ಕಟ್ಟಿ ರಕ್ತದೊತ್ತಡ ಅಳೆಯುವ ಸಾಧನವನ್ನು ರಿವಾ-ರೊಚ್ಚಿ ರೂಪಿಸಿದುದು 1896ರಲ್ಲಿ. ಬರಗಾಲದ ಕಡತಗಳಲ್ಲಿ ಅದನ್ನು ಹುಡುಕುವುದು ವ್ಯರ್ಥ. ಅಣ್ಣಿಗೇರಿಯಲ್ಲಿ 2010ರಲ್ಲಿ ಚರಂಡಿ ಅಗೆಯುವಾಗ ನೂರಾರು ತಲೆಬುರುಡೆಗಳು ದೊರೆತವು. ಅವುಗಳನ್ನು 1791-92ರ ‘ಡೋಗಿ ಬರ’ದೊಡನೆ ಜೋಡಿಸಿದವರುಂಟು; ಆದರೆ ಪ್ರಯೋಗಾಲಯಗಳು ಕಂಡ ಕಾಲಮಾನ ಒಂದೇ ಆಗಿರಲಿಲ್ಲ. ಮೂಳೆ ಹಸಿವಿನ ಗುರುತನ್ನು ಇಟ್ಟುಕೊಂಡೀತು, ರಕ್ತದ ಒತ್ತಡವನ್ನಲ್ಲ. ಕುಂದಗೋಳವಂತೂ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದುದರಿಂದ ಅದರ ಕಥೆಯನ್ನು ಬ್ರಿಟಿಷ್ ಜಿಲ್ಲೆಯ ಕಾಗದಗಳಿಂದ ಊಹಿಸುವುದು ಯುಕ್ತವಲ್ಲ.

ಈ ವಿವೇಚನೆಯಿಂದ ಹೊರಡುವ ನಿಲುವು ಇಷ್ಟು. ರೋಗವನ್ನು ಮನೆತನದ ಮೇಲೆ ಹಾಕಿದರೆ ಕೂಲಿಯನ್ನು ಗೊತ್ತುಪಡಿಸಿದವರೂ, ಅನ್ನವನ್ನು ತೂಕದಿಂದಲೇ ಅಳೆದವರೂ ಇತಿಹಾಸದಿಂದ ಜಾರಿಕೊಳ್ಳುತ್ತಾರೆ. ಬರದ ಮೇಲೆಯೇ ಎಲ್ಲವನ್ನೂ ಹಾಕಿದರೆ ಇಂದಿನ ತಟ್ಟೆಯ ಹೊಣೆಯಿಂದ ನಾವು ಜಾರಿಕೊಳ್ಳುತ್ತೇವೆ. ಅಗ್ಗದ ಧಾನ್ಯ ಇಂದು ಅಂಗಡಿಯಲ್ಲಿ ದೊರೆಯುತ್ತದೆ. ಮಜ್ಜಿಗೆಯೂ ಸೊಪ್ಪೂ ಎಲ್ಲರ ತಟ್ಟೆಗೆ ಬಂದಿವೆಯೆ ಎಂಬ ಕಾರ್ನಿಶರ ಪ್ರಶ್ನೆ ಹಳೆಯದಾಗಿಲ್ಲ.

ವಿದ್ಯಾರ್ಥಿಗಳಿಗೆ ಒಂದು ವಿನಂತಿ. ಮೈಸೂರಿನ ಸಂಶೋಧನೆ ಸಾಧ್ಯವಾದುದು ಯಾರೋ ಒಬ್ಬ ದಾದಿ ಕೂಸನ್ನು ತೂಗಿ, ಅಂಕಿಯನ್ನು ಬರೆದು, ಆ ಪುಸ್ತಕವನ್ನು ಯಾರೋ ಒಬ್ಬರು ಗೆದ್ದಲಿಗೆ ಕೊಡದೆ ಕಾಯ್ದಿರಿಸಿದುದರಿಂದ. ನಮ್ಮ ಹಳ್ಳಿಗಳ ಜನನ ಮರಣದ ಪುಸ್ತಕಗಳನ್ನೂ, ಹಿರಿಯರು ಏನನ್ನು ಉಣ್ಣುತ್ತಿದ್ದರೆಂಬ ನೆನಪನ್ನೂ ಅದೇ ಶ್ರದ್ಧೆಯಿಂದ ಸಂಗ್ರಹಿಸಿದರೆ, ಇಂದು ಊಹೆಯಾಗಿರುವ ಎಷ್ಟೋ ಸಂಗತಿಗಳನ್ನು ನಾಳೆ ಒರೆಗೆ ಹಚ್ಚಿ ನೋಡಬಹುದು.