ರೌಟರ್ ಆದ ಸರ್ವರ್: ಜಾಗ ಬದಲಿಸುತ್ತ ಬಂದ ಇಕ್ಕಟ್ಟು

ಸಾಫ್ಟ್‌ವೇರ್ ರೌಟರ್‌ಗೆಂದು ಸರ್ವರ್ ಕೊಳ್ಳಲು ಹೊರಟವರು ಮೊದಲು ಕೇಳುವುದು ಎಷ್ಟು ಕೋರ್, ಎಷ್ಟು ಗಿಗಾಹರ್ಟ್ಸ್ ಎಂದು. ಈ ಕ್ಷೇತ್ರ ನಡೆದು ಬಂದ ದಾರಿ ನೋಡಿದರೆ ಆ ಪ್ರಶ್ನೆ ಎರಡನೆಯದಾಗಬೇಕಿತ್ತು ಅನಿಸುತ್ತದೆ. ಇಕ್ಕಟ್ಟು ಹೆಚ್ಚಾಗಿ ಪ್ರೊಸೆಸರ್ ಲೆಕ್ಕ ಹಾಕುವ ವೇಗದಲ್ಲಿರಲಿಲ್ಲ. ಪ್ಯಾಕೆಟ್ಟು ಅದರ ಬಳಿಗೆ ಹೋಗಿ ಬರುವ ದಾರಿಯಲ್ಲಿತ್ತು.

ರೌಟರ್ ಹುಟ್ಟಿದ್ದೇ ಸಾಫ್ಟ್‌ವೇರ್ ಆಗಿ. 1969ರಲ್ಲಿ ಆರ್ಪಾನೆಟ್‌ನ ಪ್ಯಾಕೆಟ್‌ಗಳನ್ನು ದಾಟಿಸಿದ್ದು ಹನಿವೆಲ್ 516 ಎಂಬ ಮಿನಿ ಕಂಪ್ಯೂಟರ್. 1986ರ ಎನ್‌ಎಸ್‌ಎಫ್‌ನೆಟ್ ಬೆನ್ನೆಲುಬಿನಲ್ಲಿ ಡೇವಿಡ್ ಮಿಲ್ಸ್ ಬರೆದ 'ಫಜ್‌ಬಾಲ್' ತಂತ್ರಾಂಶ ಪಿಡಿಪಿ-11 ಜಾತಿಯ ಯಂತ್ರಗಳ ಮೇಲೆ ಓಡುತ್ತಿತ್ತು. ಲೈನಿನ ವೇಗ 56 ಕಿಲೋಬಿಟ್. ಅಷ್ಟಕ್ಕೆ ಅದು ಸಾಕಿತ್ತು. 1998ರಲ್ಲಿ ಜೂನಿಪರ್ ಕಂಪನಿಯ ಎಂ40 ಪ್ಯಾಕೆಟ್ ದಾಟಿಸುವ ಕೆಲಸವನ್ನು ಪೂರ್ತಿಯಾಗಿ ತನ್ನದೇ ಚಿಪ್‌ಗಳಿಗೆ ಒಪ್ಪಿಸಿತು. ಅಲ್ಲಿಂದ ದೊಡ್ಡ ಜಾಲಗಳಲ್ಲಿ ಸಾಮಾನ್ಯ ಕಂಪ್ಯೂಟರ್‌ಗೆ ರೌಟರ್ ಕೆಲಸ ಹೋಯಿತೆಂದೇ ಎಲ್ಲರೂ ಭಾವಿಸಿದರು.

ಪ್ರಯೋಗಾಲಯಗಳು ಮಾತ್ರ ಬಿಡಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ಕೆ. ಕೆ. ರಾಮಕೃಷ್ಣನ್, ಜೆಫ್ರಿ ಮೊಗಲ್ ಜೊತೆಗೂಡಿ 1996ರಲ್ಲಿ ಒಂದು ವಿಚಿತ್ರವನ್ನು ವಿವರಿಸಿದರು: ಪ್ರತಿ ಪ್ಯಾಕೆಟ್ಟೂ ಇಂಟರಪ್ಟ್ ಎಂಬ ಕರೆ ಕಳಿಸಿದರೆ, ದಟ್ಟಣೆ ಹೆಚ್ಚಿದಾಗ ಯಂತ್ರ ಕರೆಗೆ ಓಗೊಡುವುದರಲ್ಲೇ ಮುಳುಗಿ ಒಂದು ಪ್ಯಾಕೆಟ್ಟನ್ನೂ ದಾಟಿಸದು. ಕರೆಗಾಗಿ ಕಾಯದೆ ಯಂತ್ರವೇ ಹೋಗಿ ನೆಟ್‌ವರ್ಕ್ ಕಾರ್ಡ್ ನೋಡಿ ಬರಲಿ ಎಂಬ ಪೋಲಿಂಗ್ ಉಪಾಯಕ್ಕೆ ಇದರಿಂದ ಬಲ ಬಂತು. 2000ದ ಹೊತ್ತಿಗೆ ಎಂಐಟಿಯ 'ಕ್ಲಿಕ್' ರೌಟರ್ 700 ಮೆಗಾಹರ್ಟ್ಸ್ ಪೆಂಟಿಯಂ 3ರಲ್ಲಿ ಸೆಕೆಂಡಿಗೆ 3.33 ಲಕ್ಷ ಚಿಕ್ಕ ಪ್ಯಾಕೆಟ್ ದಾಟಿಸಿತು. ಆ ಕಾಲದ ಮಾಮೂಲಿ ಪಿಸಿಐ ಬಸ್ಸಿನ ಒಟ್ಟು ತಾಕತ್ತೇ ಸುಮಾರು 1 ಗಿಗಾಬಿಟ್. ಬರುವುದೂ ಹೋಗುವುದೂ ಅದರಲ್ಲೇ ಆಗಬೇಕಿತ್ತು.

ಇಲ್ಲಿ ಒಂದು ಲೆಕ್ಕ ಬಿಡಿಸಿ ನೋಡಬೇಕು. ಈಥರ್ನೆಟ್‌ನ ಅತಿ ಚಿಕ್ಕ ಫ್ರೇಮ್ 64 ಬೈಟ್. ಮುನ್ಸೂಚನೆ ಮತ್ತು ನಡುವಣ ತೆರಪಿಗೆ ಇನ್ನೂ 20. ಒಟ್ಟು 672 ಬಿಟ್. 10 ಗಿಗಾಬಿಟ್ ಲೈನಿನಲ್ಲಿ ಒಂದು ಪ್ಯಾಕೆಟ್‌ಗೆ ಸಿಗುವುದು 67.2 ನ್ಯಾನೊಸೆಕೆಂಡ್, ಅಂದರೆ ಸೆಕೆಂಡಿಗೆ 1.488 ಕೋಟಿ ಪ್ಯಾಕೆಟ್. 3 ಗಿಗಾಹರ್ಟ್ಸ್ ಕೋರ್‌ಗೆ ಅದು ಸುಮಾರು 200 ಸೈಕಲ್. ಕ್ಯಾಶ್‌ನಲ್ಲಿ ಸಿಗದ ಮಾಹಿತಿಗಾಗಿ ಮುಖ್ಯ ಮೆಮೊರಿಗೆ ಒಮ್ಮೆ ಹೋಗಿ ಬಂದರೆ ಆ ಕಾಲವೆಲ್ಲ ಅಲ್ಲಿಗೇ ತೀರುತ್ತದೆ. 100 ಗಿಗಾಬಿಟ್‌ನಲ್ಲಿ ಉಳಿಯುವುದು 6.7 ನ್ಯಾನೊಸೆಕೆಂಡ್. 'ಇಷ್ಟು ಗಿಗಾಬಿಟ್ ತಾಳುತ್ತದೆ' ಎಂಬ ಕರಪತ್ರದ ಮಾತನ್ನು, ಯಾವ ಗಾತ್ರದ ಪ್ಯಾಕೆಟ್ ಎಂದು ಕೇಳದೆ ನಂಬಬಾರದು.

2009ರಲ್ಲಿ 'ರೌಟ್‌ಬ್ರಿಕ್ಸ್' ತಂಡ ನಾಲ್ಕು ಸರ್ವರ್ ಜೋಡಿಸಿ 35 ಗಿಗಾಬಿಟ್ ಮುಟ್ಟಿತು. ಅದಕ್ಕೆ ಒದಗಿ ಬಂದದ್ದು ಇಂಟೆಲ್‌ನ ನೆಹಾಲೆಮ್: ಎಲ್ಲರೂ ಹಂಚಿಕೊಳ್ಳುತ್ತಿದ್ದ ಹಳೆಯ ಬಸ್ ಹೋಗಿ, ಮೆಮೊರಿ ನಿಯಂತ್ರಕ ಪ್ರೊಸೆಸರ್ ಒಳಗೇ ಬಂದಿತ್ತು. ಮರುವರ್ಷ ಕೊರಿಯಾದ ಕೈಸ್ಟ್‌ನವರು ಗ್ರಾಫಿಕ್ಸ್ ಕಾರ್ಡ್ ಹಾಕಿ ಒಂದೇ ಯಂತ್ರದಲ್ಲಿ 40 ಗಿಗಾಬಿಟ್ ಹತ್ತಿರ ಹೋದರು. ಆ ದಾರಿ ಬೇಗ ಮಂಕಾಯಿತು. ಗ್ರಾಫಿಕ್ಸ್ ಕಾರ್ಡ್‌ನ ಲಾಭದಲ್ಲಿ ಬಹುಪಾಲು ಬರುತ್ತಿದ್ದುದು ಮೆಮೊರಿಯ ಕಾಯುವಿಕೆಯನ್ನು ಮರೆಸುವುದರಿಂದ. ಅದನ್ನು ಪ್ರೊಸೆಸರಿನಲ್ಲೇ ಮಾಡಬಹುದೆಂದು 2015ರಲ್ಲಿ ಕಾರ್ನೆಗಿ ಮೆಲನ್‌ನವರು ತೋರಿಸಿದರು.

ನಿಜವಾದ ತಿರುವು, ಪ್ಯಾಕೆಟ್‌ನ ದಾರಿಯಿಂದ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಅನ್ನು ಬದಿಗಿಟ್ಟದ್ದು. ಇಟಲಿಯ ಲುಯಿಜಿ ರಿಝೊ ಅವರ 'ನೆಟ್‌ಮ್ಯಾಪ್' ಒಂದೇ ಕೋರ್ ಅನ್ನು 900 ಮೆಗಾಹರ್ಟ್ಸ್‌ಗೆ ಇಳಿಸಿಯೂ 10 ಗಿಗಾಬಿಟ್ ಲೈನನ್ನು ಚಿಕ್ಕ ಪ್ಯಾಕೆಟ್‌ಗಳಿಂದ ತುಂಬಿಸಿತು. ಇಂಟೆಲ್‌ನ ಡಿಪಿಡಿಕೆ ತಂತ್ರಾಂಶವೂ ಅದೇ ದಾರಿಯಲ್ಲಿ ಬಂತು. 2012ರ ಝಿಯಾನ್ ಇ5ನಲ್ಲಿ ನೆಟ್‌ವರ್ಕ್ ಕಾರ್ಡ್ ನೇರವಾಗಿ ಕ್ಯಾಶ್‌ಗೇ ಪ್ಯಾಕೆಟ್ ಇಳಿಸತೊಡಗಿತು. 2016ರಲ್ಲಿ ಮುಕ್ತವಾದ ಸಿಸ್ಕೊದ ವಿಪಿಪಿ ತಂತ್ರಾಂಶ, ಮದುವೆಮನೆ ಅಡುಗೆಯವರು ಮೊದಲು ಉಂಡೆಯೆಲ್ಲ ಕಟ್ಟಿ ಆಮೇಲೆ ಲಟ್ಟಿಸಲು ಕೂರುವ ಹಾಗೆ, 256 ಪ್ಯಾಕೆಟ್‌ವರೆಗೆ ಒಟ್ಟಿಗೆ ಒಂದೊಂದು ಹಂತ ದಾಟಿಸುತ್ತದೆ.

ಇಷ್ಟೆಲ್ಲ ಆದ ಮೇಲೆ ಯಂತ್ರ ಆರಿಸುವವರು ಮೊದಲು ತೆರೆಯಬೇಕಾದ್ದು ಮದರ್‌ಬೋರ್ಡ್ ಕೈಪಿಡಿಯ ನಕ್ಷೆಯ ಪುಟ. ಎರಡು ಪ್ರೊಸೆಸರ್ ಇದ್ದರೆ ಯಾವ ಸ್ಲಾಟ್ ಯಾವುದಕ್ಕೆ ಸೇರಿದೆ ಎಂಬುದು ಅಲ್ಲಿದೆ. ಕಾರ್ಡ್ ಒಂದರ ಬಳಿ, ಕೆಲಸ ಇನ್ನೊಂದರ ಮೇಲೆ ಎಂದಾದರೆ ಪ್ರತಿ ಪ್ಯಾಕೆಟ್ಟೂ ನಡುವಿನ ಸೇತುವೆ ದಾಟಬೇಕು. ದೊಡ್ಡ ಒಂದೇ ಪ್ರೊಸೆಸರ್ ಸಾಕಾಗುವಲ್ಲಿ ಎರಡು ಬೇಡ ಎಂದೇ ನನ್ನ ಸಲಹೆ. ಪಿಸಿಐಇ 3ರ 16 ಲೇನ್ ಸುಮಾರು 126 ಗಿಗಾಬಿಟ್ ಸಾಗಿಸುತ್ತದೆ. 100 ಗಿಗಾಬಿಟ್‌ನ ಎರಡು ಪೋರ್ಟ್ ಇರುವ ಕಾರ್ಡ್ ಅದರಲ್ಲಿ ಪೂರ್ತಿ ಓಡದು. ಮೆಮೊರಿ ಚಾನಲ್‌ಗಳನ್ನು ಖಾಲಿ ಬಿಡಬಾರದು.

ಕಾರ್ಡ್‌ನಲ್ಲೂ ಒಂದು ಗುಟ್ಟಿದೆ. ಅದು ಐಪಿ ವಿಳಾಸ ನೋಡಿ ಪ್ಯಾಕೆಟ್‌ಗಳನ್ನು ಕೋರ್‌ಗಳಿಗೆ ಹಂಚುತ್ತದೆ. ನಮ್ಮ ಊರುಗಳ ಬ್ರಾಡ್‌ಬ್ಯಾಂಡ್‌ನಲ್ಲಿ ಸಾಮಾನ್ಯವಾದ ಪಿಪಿಪಿಒಇ ಹೊದಿಕೆಯೊಳಗೆ ಹಲವು ಕಾರ್ಡ್‌ಗಳು ಇಣುಕಲಾರವು. ದಟ್ಟಣೆಯೆಲ್ಲ ಒಂದೇ ಕೋರ್ ಮೇಲೆ ಬಿದ್ದು ಉಳಿದವು ಸುಮ್ಮನಿರುತ್ತವೆ. ಮೈಕ್ರೊಟಿಕ್‌ನ 36 ಕೋರ್‌ಗಳ ಸಿಸಿಆರ್‌ನಲ್ಲಿ ಕಂಡದ್ದು ಇದರ ಇನ್ನೊಂದು ಮುಖ: ಅದರ ತಂತ್ರಾಂಶವಾದ ರೌಟರ್ಒಎಸ್ 6ರಲ್ಲಿ, ಜಾಲಗಳು ಪರಸ್ಪರ ದಾರಿ ತಿಳಿಸಿಕೊಳ್ಳುವ ಬಿಜಿಪಿ ಒಂದೇ ಕೋರ್ ಬಳಸುತ್ತಿದ್ದರಿಂದ ಜಗತ್ತಿನ ಪೂರ್ತಿ ರೂಟ್ ಪಟ್ಟಿ ತುಂಬಿಕೊಳ್ಳುವುದು ನಿಧಾನ. ದಾರಿ ಲೆಕ್ಕ ಹಾಕುವ ಕೆಲಸಕ್ಕೆ ವೇಗದ ಕೆಲವೇ ಕೋರ್ ಮೇಲು.

ಬರೀ ಪ್ಯಾಕೆಟ್ ದಾಟಿಸುವುದರಲ್ಲಿ ಚಿಪ್‌ಗಳನ್ನು ಮೀರಿಸಲಾಗದು. ಬ್ರಾಡ್‌ಕಾಮ್‌ನ ಟೊಮಾಹಾಕ್ 5 ಒಂದರ ಸಾಮರ್ಥ್ಯವೇ 51.2 ಟೆರಾಬಿಟ್. ಆದರೆ 2014ರ ಆಗಸ್ಟ್ 12ರಂದು ಅಂತರ್ಜಾಲದ ಪಟ್ಟಿ 5.12 ಲಕ್ಷ ರೂಟ್ ದಾಟಿದಾಗ ಹಳೆಯ ಹಲವು ರೌಟರ್‌ಗಳ ಚಿಪ್‌ನಲ್ಲಿ ಜಾಗ ಸಾಲದೆ ತೊಂದರೆಯಾಯಿತು. ಈಗ ಪಟ್ಟಿ 9 ಲಕ್ಷವನ್ನೂ ಮೀರಿದೆ. ಸರ್ವರ್‌ಗೆ ಅದೊಂದು ಭಾರವಲ್ಲ. ಲಕ್ಷಾಂತರ ಚಂದಾದಾರರ ಸೆಷನ್, ವಿಳಾಸ ಬದಲಾವಣೆ, ಗೂಢಲಿಪಿಯ ಸುರಂಗ ಇಂಥ ಕೆಲಸಗಳಿಗೇ ಇವತ್ತು ಅದನ್ನು ಕೊಳ್ಳುತ್ತಿರುವುದು.